ಕಾಫಿ ಕುಡಿದ ಕಂಪ್ಯೂಟರ್: ಒಂದು ಪಾರ್ಟ್ ಇನ್ನೊಂದನ್ನು ಸುಡದ ಹಾಗೆ ಟೆಸ್ಟ್ ಮಾಡುವುದು

ರಾತ್ರಿ ಒಂಬತ್ತೂವರೆಗೆ ಮೈಸೂರಿನಿಂದ ಅಕ್ಕನ ಮಗನ ಫೋನ್.

"ಮಾವ, ಪಿಸಿ ಮೇಲೆ ಕಾಫಿ ಬಿತ್ತು. ಒರೆಸಿದೀನಿ. ಆನ್ ಮಾಡಿ ನೋಡ್ಲಾ?"

"ಮುಟ್ಟಬೇಡ ಕಣೋ."

"ಒಂದ್ಸಲ ಆಗ್ಲೇ ಮಾಡ್ದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತೋಯ್ತು. ಅಮ್ಮಂಗೆ ಹೇಳ್ಬೇಡಿ."

ಅಕ್ಕನಿಗೆ ಹೇಳಲಿಲ್ಲ. ಆದರೆ ಶನಿವಾರ ಮಲ್ಟಿಮೀಟರ್, ಬ್ರಷ್, ಒಂದು ಹಳೇ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟಿಗೆ ಇಳಿಸುವ ಡಬ್ಬ) ಬ್ಯಾಗಿಗೆ ಹಾಕಿಕೊಂಡು ಮೈಸೂರಿಗೆ ಹೊರಟೆ. ಅಲ್ಲಿ ಎರಡು ವಾರಾಂತ್ಯ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಡೆಸ್ಕ್‌ಟಾಪ್‌ನ ಕಥೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಒಳಗೇ ಕೂತಿರುತ್ತದೆ, ಕೀಬೋರ್ಡಿನ ನೇರ ಕೆಳಗೇ ಬೋರ್ಡ್ ಇರುತ್ತದೆ. ಅದರ ಪಾಡು ಬೇರೆ.

ನೀರು ಬಿದ್ದ ಕಂಪ್ಯೂಟರ್ ಮುಂದೆ ಕೂತವರೆಲ್ಲ ಕೇಳುವ ಪ್ರಶ್ನೆ ಒಂದೇ: ಆನ್ ಆಗುತ್ತಾ? ನಾನು ಪ್ರತಿ ಪಾರ್ಟ್ ಕೈಗೆತ್ತಿಕೊಂಡಾಗಲೂ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಕೆಟ್ಟಿದ್ದರೆ ತನ್ನ ಜೊತೆಗೆ ಇನ್ಯಾವುದನ್ನು ಕರೆದುಕೊಂಡು ಹೋಗುತ್ತದೆ? ಟೆಸ್ಟ್ ಮಾಡುವ ಕ್ರಮವೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಮೊದಲು ಕರೆಂಟ್ ಕೀಳಿ, ಪೂರ್ತಿ ಕೀಳಿ

ಕ್ಯಾಬಿನೆಟ್ಟಿನ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಕಂಪ್ಯೂಟರ್ ಆಫ್ ಆಗುವುದಿಲ್ಲ. ಎಸ್‌ಎಂಪಿಎಸ್‌ಗೆ ಮೇನ್ಸ್ ಬರುತ್ತಿರುವ ತನಕ ಅದು 5 ವೋಲ್ಟ್ ಸ್ಟ್ಯಾಂಡ್‌ಬೈಯನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಒದ್ದೆ ಬೋರ್ಡಿನ ಮೇಲೆ ಆ 5 ವೋಲ್ಟ್ ಸಾಕು. ತಾಮ್ರ ಕರಗಿ ಒಂದು ಕಾಲಿನಿಂದ ಪಕ್ಕದ ಕಾಲಿಗೆ ಸಾಗುತ್ತದೆ, ಕೂದಲಿನಂಥ ಎಳೆಗಳು ಬೆಳೆದು ಶಾರ್ಟ್ ಆಗುತ್ತದೆ. ಬರೀ ನೀರು ಒಂದು ರಾತ್ರಿಯಲ್ಲಿ ಮಾಡದ ಹಾಳನ್ನು ನೀರು ಮತ್ತು ಕರೆಂಟ್ ಸೇರಿ ಹತ್ತು ನಿಮಿಷದಲ್ಲಿ ಮಾಡುತ್ತವೆ.

ಆದ್ದರಿಂದ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕೀಳಿ. ಸ್ಪೈಕ್ ಬಸ್ಟರ್ ನೆಲದ ಮೇಲಿದ್ದು ಅದೂ ಒದ್ದೆಯಾಗಿದ್ದರೆ ಕೈ ಹಾಕಬೇಡಿ. ಮೇನ್ ಬೋರ್ಡಿಗೆ ಹೋಗಿ ಎಂಸಿಬಿ ಇಳಿಸಿ. ಹಾಗೆಯೇ ನಮ್ಮ ಮನೆಗಳಲ್ಲಿ ಎಲ್ಲರೂ ಮರೆಯುವುದು ಯುಪಿಎಸ್. ಗೋಡೆ ಸ್ವಿಚ್ ಆರಿಸಿದರೂ ಯುಪಿಎಸ್ ತನ್ನ ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಅದನ್ನು ಬೇರೆಯಾಗಿ ಆಫ್ ಮಾಡಿ, ಎಸ್‌ಎಂಪಿಎಸ್‌ನ ತಂತಿಯನ್ನೇ ಹಿಂದಿನಿಂದ ಎಳೆಯಿರಿ.

ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಆಮೇಲೆ ಪಕ್ಕದ ಪ್ಯಾನೆಲ್ ತೆಗೆದು ಬಿಲ್ಲೆಯಂಥ ಸಿಆರ್2032 ಸೆಲ್ ಹೊರಗೆ ತೆಗೆಯಿರಿ. ಅದೂ 3 ವೋಲ್ಟ್ ಕೊಡುತ್ತಿರುತ್ತದೆ, ಒದ್ದೆ ಬೋರ್ಡಿಗೆ ಅದೂ ಬೇಡ.

ಕಾಫಿ ಯಾವ ದಾರಿ ಹಿಡಿಯಿತು?

ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ತಂತಿ ಎಲ್ಲಿತ್ತು ಎನ್ನುವುದಕ್ಕೂ ಬೇಕು, ಕಲೆ ಎಲ್ಲಿತ್ತು ಎನ್ನುವುದಕ್ಕೂ ಬೇಕು. ಒಮ್ಮೆ ಒರೆಸಿದ ಮೇಲೆ ಆ ಸಾಕ್ಷಿ ಹೋಯಿತು.

ನಮ್ಮ ಹುಡುಗ ಲೋಟ ಇಟ್ಟಿದ್ದು ಕ್ಯಾಬಿನೆಟ್ಟಿನ ತಲೆಯ ಮೇಲೆ, ಫ್ಯಾನ್ ಇರುವ ಜಾಲರಿಯ ಪಕ್ಕ. ಅಲ್ಲಿಂದ ಬಿದ್ದ ಕಾಫಿ ಮೊದಲು ಸಿಕ್ಕಿದ್ದು ರ‍್ಯಾಮ್ ಕಡ್ಡಿಗಳಿಗೆ. ಅವುಗಳ ಬುಡಕ್ಕೆ ಇಳಿದು ಸ್ಲಾಟ್ ಸೇರಿತು. ಉಳಿದದ್ದು ಕೆಳಗೆ ಅಡ್ಡಲಾಗಿ ಮಲಗಿರುವ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ. ಆ ಲೋಹದ ಹಲಗೆ ತಟ್ಟೆಯ ಹಾಗೆ ಕಾಫಿ ಹಿಡಿದುಕೊಂಡಿತ್ತು. ಅದರಿಂದ ಎಸ್‌ಎಂಪಿಎಸ್ ಬಚಾವ್. ಕೆಳಗಿನ ಮುಚ್ಚಳದ ಮೇಲೆ ಎರಡು ಹನಿ ಒಣಗಿದ್ದವು, ಒಳಗೆ ಏನೂ ಇರಲಿಲ್ಲ. ಆದರೆ ಹಲಗೆಗೂ ಕಾರ್ಡಿಗೂ ನಡುವಿನ ಸಂದಿಗೆ ಕಾಫಿ ನುಗ್ಗಿರುತ್ತದೆ ಎಂದು ಆಗಲೇ ಅಂದುಕೊಂಡೆ.

ಹೀಗೆ ದಾರಿ ಹಿಡಿದು ಕೆಳಗಿಳಿಯಿರಿ. ಟಾರ್ಚ್ ಹಿಡಿದು ಒಂದೊಂದೇ ಪಾರ್ಟನ್ನು "ಒದ್ದೆ", "ಒಣ", "ಅನುಮಾನ" ಎಂದು ಮೂರು ಗುಂಪು ಮಾಡಿ. ಅನುಮಾನದ್ದನ್ನು ಒದ್ದೆಯದ್ದೇ ಎಂದು ನೋಡಿಕೊಳ್ಳಿ.

ಪ್ರವಾಹದ ನೀರು, ಬೇಸ್‌ಮೆಂಟಿಗೆ ನುಗ್ಗಿದ ಚರಂಡಿ ನೀರಿನಲ್ಲಿ ಇಡೀ ಯಂತ್ರ ಮುಳುಗಿದ್ದರೆ ಈ ಗುಂಪು ಮಾಡುವ ಮಾತೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಮನೆಯೊಳಗೆ ಬಂದಿದ್ದು ಅಂಥ ನೀರು. ಆಗ ಡೇಟಾ ಇರುವ ಡಿಸ್ಕ್ ಒಂದನ್ನು ಉಳಿಸಿಕೊಳ್ಳುವ ಯೋಚನೆ ಮಾಡಿ. ಎಸ್‌ಎಂಪಿಎಸ್ ಅನ್ನು ಇ-ತ್ಯಾಜ್ಯಕ್ಕೆ ಕೊಡಿ.

ತೊಳೆಯದೆ ಒಣಗಿಸಬೇಡಿ

ಬರೀ ನೀರು ಬಿದ್ದಿದ್ದರೆ ಒಣಗಿಸಿದರೆ ಸಾಕಾಗಬಹುದು. ಹಾಲು, ಸಕ್ಕರೆ ಹಾಕಿದ ಕಾಫಿ ಒಣಗಿದರೆ ಅಂಟಾಗಿ ಕೂರುತ್ತದೆ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿಲಿನ ದಿನ ಚೆನ್ನಾಗಿ ಓಡಿದ ಯಂತ್ರ ಮಳೆ ಹಿಡಿದ ದಿನ ಕೈಕೊಡುವುದು ಇದಕ್ಕೇ. ಎಳನೀರಂತೂ ಇನ್ನೂ ಕೆಟ್ಟದ್ದು. ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು ಕರೆಂಟನ್ನು ಸರಾಗವಾಗಿ ಹರಿಸುತ್ತವೆ.

ಎಲ್ಲರೂ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ ಹಾಕಿ ಉಜ್ಜಿ ಎನ್ನುತ್ತಾರೆ. ಒಳ್ಳೆಯ ಸಲಹೆಯೇ, ಆದರೆ ಅರ್ಧ ಸಲಹೆ. ಸಕ್ಕರೆ ಐಪಿಎಯಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ಬೇಕಿದ್ದರೆ ಒಂದು ಚಮಚ ಐಪಿಎಗೆ ನಾಲ್ಕು ಕಾಳು ಸಕ್ಕರೆ ಹಾಕಿ ನೋಡಿ, ಹಾಗೇ ತಳದಲ್ಲಿ ಕೂತಿರುತ್ತವೆ. ಸಕ್ಕರೆ ಕರಗಿಸಲು ನೀರೇ ಬೇಕು. ನಲ್ಲಿ ನೀರಲ್ಲ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ ಬರೀ ನೀರು ಕೊಡಿ ಎಂದು ಒತ್ತಿ ಹೇಳಿ, ಅದೇ ಅಂಗಡಿಯಲ್ಲಿ ಆಸಿಡ್ ಕ್ಯಾನೂ ಇರುತ್ತದೆ.

ಕ್ರಮ ಹೀಗೆ. ಬೋರ್ಡಿನಿಂದ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ತೆಗೆಯಿರಿ. ಬೋರ್ಡಿಗೇ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿ ಮುಚ್ಚಿರುವ ಲೋಹದ ಪಟ್ಟಿಯನ್ನೂ ಬಿಚ್ಚಿ, ಅದರ ಕೆಳಗಿನ ಪ್ಯಾಡ್ ಸುತ್ತ ಕಾಫಿ ಸಿಕ್ಕಿಕೊಂಡಿರಬಹುದು. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಕಲೆ ಬಿದ್ದ ಕಡೆ ಉಜ್ಜಿ. ಬೋರ್ಡನ್ನು ಓರೆ ಹಿಡಿದು ಕೊಳೆ ನೀರು ಇಳಿಯಲು ಬಿಡಿ. ಎರಡು ಮೂರು ಸಲ ಮಾಡಿ. ಕೊನೆಗೆ 99 ಪರ್ಸೆಂಟ್ ಐಪಿಎ ಹಾಕಿ. ಅದು ಚಿಪ್ಪುಗಳ ಕೆಳಗೆ ಉಳಿದ ನೀರಿನ ಜೊತೆ ಬೆರೆತು ಹೊರಗೆ ತರುತ್ತದೆ, ಬೇಗ ಆರುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಇದು ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ಗ್ಲಿಸರಿನ್ ಥರದ್ದು ಇರುತ್ತದೆ, ಒಂದು ಅಂಟು ತೆಗೆದು ಇನ್ನೊಂದು ಅಂಟು ಬಳಿದ ಹಾಗಾಗುತ್ತದೆ. ಐಪಿಎ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವ ವಸ್ತು. ಕಿಟಕಿ ತೆಗೆದಿರಲಿ, ದೇವರ ಮನೆಯ ದೀಪದ ಪಕ್ಕ ಕೂರಬೇಡಿ.

ಪ್ರೊಸೆಸರ್ ಸಾಕೆಟ್ಟಿನಲ್ಲಿ ಸೂಜಿಯಂಥ ಪಿನ್‌ಗಳಿದ್ದರೆ ಅಲ್ಲಿಗೆ ಬ್ರಷ್ಷೂ ಬೇಡ, ಹತ್ತಿಯೂ ಬೇಡ. ಒಂದು ಎಳೆ ಹತ್ತಿ ಸಿಕ್ಕಿಕೊಂಡರೆ ಎಳೆಯುವಾಗ ಪಿನ್ ಬಗ್ಗುತ್ತದೆ. ಮೇಲಿನಿಂದ ಐಪಿಎ ಹನಿಸಿ, ಬೋರ್ಡ್ ಮಗುಚಿ, ಇಳಿಯಲು ಬಿಡಿ.

ಕಲೆ ಇರುವ ಕಡೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಕಿಲುಬು. ತಾಮ್ರದ ಚೊಂಬಿಗೆ ಹಿಡಿಯುವುದೇ ಇದು. ಹುಣಸೆಹಣ್ಣು ಹಾಕಿ ತಿಕ್ಕುವ ಆಸೆ ಬೇಡ, ಐಪಿಎ ಮತ್ತು ಬ್ರಷ್ಷಿಗೆ ಎಷ್ಟು ಹೋಗುತ್ತದೋ ಅಷ್ಟು ಹೋಗಲಿ.

ಒಣಗಿಸಲು ಟೇಬಲ್ ಫ್ಯಾನ್ ಮುಂದೆ ನಿಲ್ಲಿಸಿ, ಸಾಕು. ಹೇರ್ ಡ್ರೈಯರ್ ಬೇಡ, ಅದರ ಗಾಳಿಗೆ ನೀರು ಇನ್ನೂ ಒಳಗೆ ಹೋಗಬಹುದು. ಅಕ್ಕಿ ಡಬ್ಬದಲ್ಲಿ ಹೂಳುವ ಉಪಾಯ ಅಕ್ಕಿಗೂ ನಷ್ಟ, ಬೋರ್ಡಿಗೂ ನಷ್ಟ. ಚಿಪ್ಪಿನ ಕೆಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ, ಅದರ ಹಿಟ್ಟು ಮಾತ್ರ ಸ್ಲಾಟಿಗೆ ಹೋಗುತ್ತದೆ. ಮೈಸೂರಿನ ಒಣ ಹವೆಯಲ್ಲಿ ಎರಡು ದಿನ ಕೊಟ್ಟೆವು. ಮಂಗಳೂರಿನ ಮಳೆಗಾಲದಲ್ಲಾದರೆ ನಾನು ನಾಲ್ಕೈದು ದಿನ ಬಿಡುತ್ತಿದ್ದೆ.

ಯಾವುದು ಯಾವುದನ್ನು ಸುಡುತ್ತದೆ

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಎಸ್‌ಎಂಪಿಎಸ್ ಕೆಟ್ಟಿದ್ದರೆ ಅದಕ್ಕೆ ಸಿಕ್ಕಿಸಿದ ಎಲ್ಲವನ್ನೂ ಸುಡಬಹುದು. ಮದರ್‌ಬೋರ್ಡ್ ಕೆಟ್ಟಿದ್ದರೆ ಪ್ರೊಸೆಸರನ್ನು ಸುಡಬಹುದು. ಗ್ರಾಫಿಕ್ಸ್ ಕಾರ್ಡ್ ಶಾರ್ಟ್ ಆಗಿದ್ದರೆ ಸಾಮಾನ್ಯವಾಗಿ ಎಸ್‌ಎಂಪಿಎಸ್ ತಾನೇ ಆಫ್ ಆಗಿ ಬಚಾವ್ ಮಾಡುತ್ತದೆ, ಆದರೆ ಸ್ಲಾಟ್ ಕರಗಿದ ಉದಾಹರಣೆ ನೋಡಿದ್ದೇನೆ. ರ‍್ಯಾಮ್ ಕೆಟ್ಟರೆ ಹೆಚ್ಚಾಗಿ ಒಬ್ಬನೇ ಸಾಯುತ್ತಾನೆ.

ಅಲ್ಲಿಗೆ ಟೆಸ್ಟ್ ಕ್ರಮ ಸಿಕ್ಕಿತು: ಎಸ್‌ಎಂಪಿಎಸ್, ಬೋರ್ಡ್, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಒಂದೇ ಕಟ್ಟುನಿಟ್ಟು: ಅನುಮಾನದ ಎರಡು ಪಾರ್ಟ್‌ಗಳನ್ನು ಒಟ್ಟಿಗೆ ಆನ್ ಮಾಡಬೇಡಿ. ಅನುಮಾನದ್ದು ಒಂದೇ ಇರಲಿ, ಜೊತೆಗಿರುವುದೆಲ್ಲ ಸರಿಯಿದೆ ಎಂದು ಗೊತ್ತಿರುವುದಾಗಿರಲಿ, ಹೋದರೂ ಹೊಟ್ಟೆ ಉರಿಯದಂಥದ್ದಾಗಿರಲಿ. ನಾನು ಹಳೇ ಎಸ್‌ಎಂಪಿಎಸ್ ಹೊತ್ತುಕೊಂಡು ಹೋಗಿದ್ದು ಇದಕ್ಕೇ.

ಎಸ್‌ಎಂಪಿಎಸ್

ಇದರ ಡಬ್ಬ ತೆರೆಯಬೇಡಿ. 230 ವೋಲ್ಟ್ ಎಸಿಯನ್ನು ನೇರ ಡಿಸಿ ಮಾಡಿದರೆ ಸುಮಾರು 325 ವೋಲ್ಟ್. ಈಗಿನ ಹೆಚ್ಚಿನ ಎಸ್‌ಎಂಪಿಎಸ್‌ಗಳು ಅದನ್ನು 380ರಿಂದ 400ರ ತನಕ ಏರಿಸಿ ದೊಡ್ಡ ಕೆಪಾಸಿಟರಿನಲ್ಲಿ ಇಟ್ಟುಕೊಳ್ಳುತ್ತವೆ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಒಳಗೆ ನೀರು, ಕಾಫಿ ಹೋಗಿದ್ದು ಖಾತ್ರಿಯಾದರೆ ನನ್ನ ಅಭಿಪ್ರಾಯದಲ್ಲಿ ಟೆಸ್ಟೂ ಬೇಡ, ರಿಪೇರಿಯೂ ಬೇಡ. ಹೊಸದು ತನ್ನಿ. ಅಷ್ಟು ದುಡ್ಡು ಉಳಿಸಲು ಹೋಗಿ ಅದರ ಹತ್ತು ಪಟ್ಟಿನ ಸಾಮಾನು ಸುಡುವುದು ಯಾವ ಲೆಕ್ಕ?

ಹೊರಗೆ ಮಾತ್ರ ಹನಿ ಬಿದ್ದಿದ್ದರೆ, ಒಣಗಿದ ಮೇಲೆ ಒಂಟಿಯಾಗಿ ಟೆಸ್ಟ್ ಮಾಡಿ. ಬೋರ್ಡಿಗೆ ಹೋಗುವ ಒಂದೇ ಒಂದು ತಂತಿಯೂ ಸಿಕ್ಕಿರಬಾರದು. 24 ಪಿನ್ ಪ್ಲಗ್ಗಿನಲ್ಲಿ ಹಸಿರು ತಂತಿಯನ್ನು ಪಕ್ಕದ ಕಪ್ಪಿಗೆ ಪೇಪರ್ ಕ್ಲಿಪ್‌ನಿಂದ ಜೋಡಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ. ಕ್ಲಿಪ್ ಹಾಕುವಾಗ ಮೇನ್ಸ್ ಆಫ್ ಇರಲಿ, ಹಾಕಿ ಕೈ ತೆಗೆದ ಮೇಲೆ ಆನ್ ಮಾಡಿ. ಈಗಿನವುಗಳಲ್ಲಿ ಎಲ್ಲ ತಂತಿಯೂ ಕಪ್ಪೇ. ಆಗ ಎಣಿಸಿ ಊಹೆ ಮಾಡುವುದಕ್ಕಿಂತ ಆ ಪ್ಲಗ್ಗಿಗೇ ಸಿಕ್ಕಿಸುವ ಎಸ್‌ಎಂಪಿಎಸ್ ಟೆಸ್ಟರ್ ತೆಗೆದುಕೊಳ್ಳಿ. ಲೋಡ್‌ಗೆ ಒಂದು ಹಳೇ ಹಾರ್ಡ್ ಡಿಸ್ಕ್ ಅಥವಾ ಫ್ಯಾನ್ ಇರಲಿ. ಎಸ್‌ಎಂಪಿಎಸ್‌ನ ಸ್ವಂತ ಫ್ಯಾನ್ ತಿರುಗಲಿಲ್ಲ ಎಂದು ಗಾಬರಿ ಬೇಡ, ಲೋಡ್ ಕಮ್ಮಿ ಇದ್ದಾಗ ಫ್ಯಾನ್ ನಿಲ್ಲಿಸುವ ಮಾಡೆಲ್‌ಗಳಿವೆ.

ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಕಪ್ಪು ತಂತಿಗೆ ಇಟ್ಟು ಅಳೆಯಿರಿ:

ಹಳದಿ: 11.4ರಿಂದ 12.6 ವೋಲ್ಟ್
ಕೆಂಪು: 4.75ರಿಂದ 5.25
ಕಿತ್ತಳೆ: 3.14ರಿಂದ 3.46
ನೇರಳೆ, ಅಂದರೆ ಸ್ಟ್ಯಾಂಡ್‌ಬೈ: 4.75ರಿಂದ 5.25
ಬೂದು, ಅಂದರೆ "ಪವರ್ ಸರಿಯಿದೆ" ಎಂದು ಬೋರ್ಡಿಗೆ ಹೇಳುವ ತಂತಿ: ಆನ್ ಆದ ಅರ್ಧ ಸೆಕೆಂಡಿನಲ್ಲಿ ಸುಮಾರು 5ಕ್ಕೆ ಬಂದು ನಿಲ್ಲಬೇಕು

ನಮಗೆ 12.08, 5.03, 3.34 ಬಂತು. ಅರ್ಧ ಗಂಟೆ ಹಾಗೇ ಬಿಟ್ಟು ಮತ್ತೆ ಅಳೆದಾಗಲೂ ಅಷ್ಟೇ. ಪಾಸ್.

ಎಲೆಕ್ಟ್ರಿಷಿಯನ್‌ಗಳ ಹತ್ತಿರ ಸೀರೀಸ್ ಬಲ್ಬ್ ಬೋರ್ಡ್ ಇರುತ್ತದೆ. 100 ವಾಟ್‌ನ ಹಳೇ ಕಾಲದ ಬಲ್ಬಿನ ಮೂಲಕ ಮೇನ್ಸ್ ಕೊಡುವುದು. ಎಸ್‌ಎಂಪಿಎಸ್‌ನ ಇನ್‌ಪುಟ್ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಉರಿದು ನಿಲ್ಲುತ್ತದೆ, ಪಟಾಕಿ ಆಗುವುದಿಲ್ಲ. ಸರಿಯಿದ್ದರೆ ಒಂದು ಸಲ ಮಿಂಚಿ ಆರುತ್ತದೆ. ಆದರೆ ಈ ಬಲ್ಬಿನ ಮೇಲೇ ಇಡೀ ಕಂಪ್ಯೂಟರ್ ಓಡಿಸಲು ಹೋದರೆ ವೋಲ್ಟೇಜ್ ಕುಸಿದು ಎಸ್‌ಎಂಪಿಎಸ್ ಆನ್-ಆಫ್ ಆಗುತ್ತದೆ. ಅದನ್ನು ದೋಷ ಅಂದುಕೊಳ್ಳಬೇಡಿ. ಸಿದ್ಧ ಬೋರ್ಡ್ ಇಲ್ಲದಿದ್ದರೆ ಮನೆಯಲ್ಲಿ ತಂತಿ ತಿರುಚಿ ಮಾಡುವ ಸಾಹಸ ಬೇಡ.

ಕರೆಂಟ್ ಕೊಡುವ ಮುಂಚೆ ಬೋರ್ಡನ್ನು ಮೀಟರಿನಲ್ಲಿ ಕೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಹತ್ತು ನಿಮಿಷದ ಕೆಲಸ, ಅರ್ಧ ದುರಂತ ಇಲ್ಲೇ ತಪ್ಪುತ್ತದೆ.

ಬೋರ್ಡ್ ಬರಿದಾಗಿರಲಿ. ಎಸ್‌ಎಂಪಿಎಸ್ ಇಲ್ಲ, ಸೆಲ್ ಇಲ್ಲ, ಪ್ರೊಸೆಸರ್ ಇಲ್ಲ. ಮೀಟರ್ ಓಮ್‌ಗೆ. ಕಪ್ಪು ಮೊನೆಯನ್ನು ಸ್ಕ್ರೂ ರಂಧ್ರದ ಸುತ್ತಲಿನ ಲೋಹಕ್ಕೆ ಒತ್ತಿ. ಕೆಂಪು ಮೊನೆಯನ್ನು ಪ್ರೊಸೆಸರಿನ 8 ಪಿನ್ ಸಾಕೆಟ್ಟಿನ 12 ವೋಲ್ಟ್ ಪಿನ್ನಿಗೆ ಇಡಿ. ಕ್ಲಿಪ್ ಸಿಕ್ಕಿಕೊಳ್ಳುವ ಕಡೆಯ ನಾಲ್ಕೂ 12 ವೋಲ್ಟೇ.

ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ಬೋರ್ಡಿನಲ್ಲಿ 90 ಎಂದು ಶುರುವಾಗಿ, 300, 700, ಹಾಗೇ ಮೇಲೆ ಹೋಗಿ ಒಂದೂವರೆ ಸಾವಿರದ ಹತ್ತಿರ ನಿಂತಿತು. ಅದು ಮೀಟರಿನ ಕರೆಂಟಿನಿಂದ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಸದ್ದಿಲ್ಲದ ಲಕ್ಷಣ. ಒಳ್ಳೆಯ ಲಕ್ಷಣ. ಅಂಕಿ ಎರಡೋ ಮೂರೋ ಓಮ್‌ನಲ್ಲಿ ಅಲ್ಲಾಡದೆ ಕೂತರೆ 12 ವೋಲ್ಟ್ ಶಾರ್ಟ್ ಎಂದು ಅರ್ಥ. ಆ ಬೋರ್ಡಿಗೆ ಕರೆಂಟ್ ಕೊಡಬೇಡಿ.

ಇನ್ನೊಂದು ಅಳತೆಯನ್ನು ಬಹಳ ಜನ ಬಿಡುತ್ತಾರೆ. ಸಾಕೆಟ್ ಸುತ್ತ ಸಾಲಾಗಿ ಚೌಕದ ಕಾಯಿಲ್‌ಗಳಿವೆಯಲ್ಲ, ಅವುಗಳ ಒಂದೊಂದರ ಕಾಲಿಗೂ ಆ 12 ವೋಲ್ಟ್ ಪಿನ್ನಿಗೂ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದು ಮೀಟರ್ ಬೀಪ್ ಎಂದರೆ 12 ವೋಲ್ಟನ್ನು ತಡೆಯುವ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಹೋಗಿದೆ. ಒಂದು ವೋಲ್ಟಿನ ಆಸುಪಾಸಿನಲ್ಲಿ ಓಡಬೇಕಾದ ಪ್ರೊಸೆಸರಿಗೆ ನೇರ 12 ವೋಲ್ಟ್ ಹೋಗುತ್ತದೆ. "ಬೋರ್ಡ್ ಕೆಟ್ಟಿತ್ತು, ಪ್ರೊಸೆಸರ್ ಬದಲಾಯಿಸಿ ನೋಡಿದೆ, ಅದೂ ಹೋಯ್ತು" ಎನ್ನುವ ಕಥೆಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಗ್ರಾಫಿಕ್ಸ್ ಕಾರ್ಡನ್ನೂ ಹೀಗೇ ನೋಡಿ. ಆದರೆ ಅದರ 8 ಪಿನ್ ಉಲ್ಟಾ: ಅಲ್ಲಿ ಕ್ಲಿಪ್ ಇಲ್ಲದ ಕಡೆ 12 ವೋಲ್ಟ್. ಪ್ರೊಸೆಸರಿನ ಪ್ಲಗ್ಗನ್ನು ಕಾರ್ಡಿಗೆ ಒತ್ತಿ ತುರುಕಿದರೆ ಶಾರ್ಟ್ ಆಗುವುದು ಇದಕ್ಕೇ. ಇನ್ನೊಂದು ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್ ತಂದು ಇದಕ್ಕೆ ಹಾಕುವುದೂ ಅಷ್ಟೇ ಅಪಾಯ. ಪ್ಲಗ್ ಕೂರುತ್ತದೆ, ಒಳಗಿನ ವೈರಿಂಗ್ ಬೇರೆ ಇರುತ್ತದೆ.

ನಮ್ಮ ಕಾರ್ಡಿನ 12 ವೋಲ್ಟ್ ಪಿನ್ನಿನಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ಕಡೆಗೆ, 1.7 ಓಮ್. ಐದು ಸೆಕೆಂಡ್ ಹಿಡಿದೆ, ಹತ್ತು ಸೆಕೆಂಡ್ ಹಿಡಿದೆ, ಅಲ್ಲಾಡಲಿಲ್ಲ.

"ಸಿಕ್ಕಿತು ನೋಡು" ಎಂದೆ. ಆ ರಾತ್ರಿ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿದ್ದು ಇದಕ್ಕೇ. ಎಸ್‌ಎಂಪಿಎಸ್ ಶಾರ್ಟ್ ಕಂಡು ತಾನೇ ಬಾಗಿಲು ಹಾಕಿಕೊಂಡಿತ್ತು. ಅವನು ಮತ್ತೆ ಮತ್ತೆ ಬಟನ್ ಒತ್ತಿದ್ದರೆ ಪ್ರತಿ ಸಲವೂ ಅದೇ ಜಾಗಕ್ಕೆ ಒಂದು ಹೊಡೆತ ಬೀಳುತ್ತಿತ್ತು.

ಒಂದು ಎಚ್ಚರಿಕೆ. ಕಾರ್ಡಿನ ಮುಖ್ಯ ಚಿಪ್ಪಿನ ಪಕ್ಕದ ಕಾಯಿಲ್‌ಗಳಿಂದ ಗ್ರೌಂಡಿಗೆ ಅಳೆದರೆ ಒಂದು ಓಮ್‌ಗಿಂತ ಕಮ್ಮಿ ಬರಬಹುದು. ಅದು ಸಹಜ. ಪ್ರೊಸೆಸರ್ ಕೂರಿಸಿದ ಬೋರ್ಡಿನಲ್ಲೂ ಹಾಗೇ. ಬೀಪ್ ಕೇಳಿ ಒಳ್ಳೇ ಕಾರ್ಡನ್ನು ಗುಜರಿಗೆ ಹಾಕಬೇಡಿ. ಶಾರ್ಟ್ ಎಂದು ತೀರ್ಮಾನ ಮಾಡಬೇಕಾದದ್ದು 12 ವೋಲ್ಟ್ ದಾರಿಯಲ್ಲಿ.

ಮೊದಲ ಆನ್

ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕದೆ ಅದು ಬಂದ ರಟ್ಟಿನ ಡಬ್ಬದ ಮೇಲೆ ಇಡಿ. ಅದರ ಜೊತೆ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಬೇಡ, ಆ ಚೀಲದ ಮೈ ಸ್ವಲ್ಪ ಕರೆಂಟ್ ಹರಿಸುತ್ತದೆ. ನಾನು ಹಾಕಿದ್ದು ಹಳೇ ಎಸ್‌ಎಂಪಿಎಸ್.

ಮೊದಲು ಪ್ರೊಸೆಸರ್ ಇಲ್ಲದೆ ಸ್ಟ್ಯಾಂಡ್‌ಬೈ ಮಾತ್ರ. ಮೇನ್ಸ್ ಆನ್ ಮಾಡಿ, ಬಟನ್ ಮುಟ್ಟಬೇಡಿ. ಬೋರ್ಡಿನ ಸಣ್ಣ ದೀಪ ಇದ್ದರೆ ಹೊತ್ತುತ್ತದೆ. ಎರಡು ನಿಮಿಷ ಕಾಯಿರಿ, ಮೂಗು ಚುರುಕಾಗಿರಲಿ. ಮೇನ್ಸ್ ಆಫ್ ಮಾಡಿ ಬೆರಳಿನ ಹಿಂಭಾಗದಿಂದ ಚಿಪ್ಪುಗಳನ್ನು ಮುಟ್ಟಿ. ಸುಮ್ನೆ ಕೂತ ಬೋರ್ಡಿನಲ್ಲಿ ಯಾವುದಾದರೂ ಚಿಪ್ ಕೈ ಸುಡುವಷ್ಟು ಬಿಸಿಯಾಗಿದ್ದರೆ ಅಲ್ಲೇ ನಿಲ್ಲಿಸಿ.

ಅದು ದಾಟಿದರೆ ಪ್ರೊಸೆಸರ್, ಹೊಸ ಪೇಸ್ಟ್ ಹಚ್ಚಿದ ಕೂಲರ್, ಒಂದೇ ರ‍್ಯಾಮ್ ಕಡ್ಡಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಮಾನಿಟರನ್ನು ಬೋರ್ಡಿಗೆ ಹಾಕಿ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಹಳೇ ಸಣ್ಣ ಕಾರ್ಡ್ ಕೇಳಿ ತನ್ನಿ. ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಿ. ಇನ್ನೊಂದು ಕೈ ಎಸ್‌ಎಂಪಿಎಸ್ ಸ್ವಿಚ್ ಮೇಲಿರಲಿ.

ನಮ್ಮದು ಆನ್ ಆಗಿ ಬಯೋಸ್, ಅಂದರೆ ಬೋರ್ಡಿನ ಸ್ವಂತ ಸೆಟಪ್ ಪರದೆ, ತೋರಿಸಿತು. ಹುಡುಗ ಚಪ್ಪಾಳೆ ಹೊಡೆದ. ಎರಡನೇ ಕಡ್ಡಿ ಹಾಕಿದ ಕೂಡಲೇ ಬೋರ್ಡಿನ ರ‍್ಯಾಮ್ ದೀಪ ಕೆಂಪಗೆ ಹೊತ್ತಿ ನಿಂತುಬಿಟ್ಟಿತು.

ಕಡ್ಡಿ ಕೆಟ್ಟಿದೆಯೋ ಸ್ಲಾಟ್ ಕೆಟ್ಟಿದೆಯೋ? ಹೀಗೆ ಬಿಡಿಸಿ. ಕೆಲಸ ಮಾಡಿದ ಸ್ಲಾಟಿನಲ್ಲಿ ಎರಡೂ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಿ. ಎರಡೂ ಓಡಿದವು. ಆಮೇಲೆ ಅದರಲ್ಲಿ ಒಂದು ಕಡ್ಡಿಯನ್ನು ತೊಂದರೆಯ ಸ್ಲಾಟಿಗೆ ಹಾಕಿದರೆ ದೀಪ ಕೆಂಪು. ಹಾಗಾದರೆ ಕಡ್ಡಿ ಸರಿ, ಸ್ಲಾಟ್ ಕೊಳೆ. ಪ್ರತಿ ಸಲ ಬದಲಾಯಿಸುವಾಗಲೂ ಮೇನ್ಸ್ ಆಫ್ ಮಾಡಿ, ಬೋರ್ಡಿನ ದೀಪ ಆರುವ ತನಕ ಕಾಯಿರಿ. ಟಾರ್ಚ್ ಬಿಟ್ಟು ನೋಡಿದರೆ ಸ್ಲಾಟಿನ ತಳದಲ್ಲಿ ಕೆನೆ ಒಣಗಿದಂಥ ಪದರ. ಹಾಲಿನದು. ಮೊದಲ ಸಲ ತೊಳೆದಾಗ ನನ್ನ ಕಣ್ಣಿಗೆ ತಪ್ಪಿತ್ತು. ಸಿರಿಂಜಿನಲ್ಲಿ ಡಿಸ್ಟಿಲ್ಡ್ ವಾಟರ್ ಚಿಮ್ಮಿಸಿ, ಬ್ರಷ್ ಆಡಿಸಿ, ಐಪಿಎ ಹಾಕಿ, ಫ್ಯಾನ್ ಮುಂದೆ ಇಟ್ಟು ಬೆಂಗಳೂರಿಗೆ ವಾಪಸ್ ಬಂದೆ. ಮುಂದಿನ ಶನಿವಾರ ನಾಲ್ಕೂ ಸ್ಲಾಟ್ ಓಡಿದವು. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಬಿಟ್ಟೆವು, ಒಂದೂ ಎರರ್ ಇಲ್ಲ.

ಕಡ್ಡಿಯ ಚಿನ್ನದ ಕಾಲುಗಳನ್ನು ಸ್ಕೂಲ್ ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ಎಲ್ಲ ಸರ್ವೀಸ್ ಅಂಗಡಿಯಲ್ಲೂ ಇದೆ. ಅದು ಚಿನ್ನದ ಪದರವನ್ನೂ ಸ್ವಲ್ಪ ಸವೆಸುತ್ತದೆ. ಬಟ್ಟೆಗೆ ಐಪಿಎ ಹಾಕಿ ಒರೆಸಿದರೆ ಸಾಕಲ್ವಾ?

ಡಿಸ್ಕ್

ತಿರುಗುವ ಹೆಚ್ಚಿನ ಹಾರ್ಡ್ ಡಿಸ್ಕುಗಳ ಮೇಲೆ ಒಂದು ಸಣ್ಣ ಉಸಿರಾಟದ ರಂಧ್ರ ಇರುತ್ತದೆ, ಮುಚ್ಚಬೇಡಿ ಎಂದು ಬರೆದಿರುತ್ತದೆ. ನೀರು ಅಲ್ಲಿಂದ ಒಳಗೆ ಹೋಗಿರಬಹುದು ಎನಿಸಿದರೆ, ಒಳಗೆ ಬೇರೆಲ್ಲೂ ಇಲ್ಲದ ಫೋಟೋಗಳಿದ್ದರೆ, ಆನ್ ಮಾಡಲೇಬೇಡಿ. ಮುಚ್ಚಳವನ್ನೂ ತೆರೆಯಬೇಡಿ. ಡೇಟಾ ರಿಕವರಿಯವರ ಕೈಗೆ ಕೊಡಿ. ಮುಳುಗಿದ ಡಿಸ್ಕನ್ನು ಒಣಗಿಸಲೂ ಹೋಗಬೇಡಿ. ಕೊಳೆ ತಟ್ಟೆಗೆ ಅಂಟಿ ಒಣಗಿದರೆ ಅವರಿಗೂ ಕಷ್ಟ, ಜಿಪ್ ಚೀಲದಲ್ಲಿ ಹಾಗೇ ಮುಚ್ಚಿ ಕೊಂಡೊಯ್ಯಿರಿ.

ಹೊರಗೆ ಮಾತ್ರ ಒದ್ದೆಯಾಗಿ ಸರಿಯಾಗಿ ಒಣಗಿದ ಡಿಸ್ಕ್, ಎಸ್‌ಎಸ್‌ಡಿಗಳನ್ನು ಹೊರಗಿನ ಯುಎಸ್‌ಬಿ ಡಬ್ಬಿಗೆ ಹಾಕಿ, ಯಾವುದಾದರೂ ಹಳೇ ಕಂಪ್ಯೂಟರಿಗೆ ಸಿಕ್ಕಿಸಿ. ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಕಾಪಿ. ಆರೋಗ್ಯ ಪರೀಕ್ಷೆ ಆಮೇಲೆ. ಸ್ಮಾರ್ಟ್ ವರದಿಯಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ, ಸಾಟಾ ಕೇಬಲ್ಲಿನ ಡಿಸ್ಕಿನ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು) ಲೆಕ್ಕ ದಿನಾ ಏರುತ್ತಿದ್ದರೆ ಡಿಸ್ಕನ್ನು ಬೈಯುವ ಮುಂಚೆ ಕೇಬಲ್ ಮತ್ತು ಕನೆಕ್ಟರಿನಲ್ಲಿ ಕಿಲುಬು ಹುಡುಕಿ.

ಗ್ರಾಫಿಕ್ಸ್ ಕಾರ್ಡ್, ಆಮೇಲಿನ ಒಂದು ತಿಂಗಳು

1.7 ಓಮ್ ಕಾರ್ಡನ್ನು ಚಿಪ್ ಲೆವೆಲ್ ಸರ್ವೀಸ್ ಮಾಡುವವರೊಬ್ಬರಿಗೆ ಕೊಟ್ಟೆ. ಅವರು ಬೆನ್ನಿನ ಹಲಗೆ ತೆಗೆದಾಗ ಫಿಲ್ಟರಿನ ತಳದಲ್ಲಿ ಉಳಿಯುವ ಡಿಕಾಕ್ಷನ್ ಗಸಿಯ ಹಾಗೆ ಕಂದು ಪದರ. ಬೇಕಾದಷ್ಟೇ ವೋಲ್ಟ್ ಕೊಡುವ ಬೆಂಚ್ ಸಪ್ಲೈಯಿಂದ ಒಂದೇ ವೋಲ್ಟ್ ಕೊಟ್ಟು ಎಲ್ಲಿ ಬಿಸಿಯಾಗುತ್ತದೆ ಎಂದು ನೋಡಿದರು. ಪವರ್ ಸಾಕೆಟ್ ಪಕ್ಕದ, ಸಾಸಿವೆ ಕಾಳಿನಷ್ಟಿದ್ದ ಒಂದು ಸೆರಾಮಿಕ್ ಕೆಪಾಸಿಟರ್. ಅದನ್ನು ಕಿತ್ತ ಕೂಡಲೇ ಶಾರ್ಟ್ ಮಾಯ. ಅಳತೆಗೆ ತಕ್ಕ ಹೊಸದನ್ನು ಹಾಕಿಕೊಟ್ಟರು. ಮೀಟರ್ ಅಂಕಿ ಏರುವುದನ್ನು ಅವರ ಮೇಜಿನ ಮೇಲೆಯೇ ನೋಡಿಕೊಂಡು ಬಂದೆ. ಆಮೇಲೂ ಮೊದಲ ಸಲ ಓಡಿಸಿದ್ದು ಹಳೇ ಎಸ್‌ಎಂಪಿಎಸ್‌ನಲ್ಲೇ. ಅರ್ಧ ಗಂಟೆ ಗೇಮ್ ಓಡಿಸಿ, ಆಫ್ ಮಾಡಿ, ಕನೆಕ್ಟರ್ ಬಿಸಿ ನೋಡಿ, ಆಮೇಲೆ ಕ್ಯಾಬಿನೆಟ್ಟಿಗೆ ಸೇರಿಸಿದೆವು.

ಎರಡು ವಾರಕ್ಕೊಮ್ಮೆ ಪ್ಯಾನೆಲ್ ತೆಗೆದು ಟಾರ್ಚಿನಲ್ಲಿ ನೋಡು, ಫೋಟೋ ಕಳಿಸು ಎಂದು ಹುಡುಗನಿಗೆ ಹೇಳಿದ್ದೆ. ಚಿಪ್ಪಿನ ಕೆಳಗೆ ಉಳಿದ ಕೊಳೆ ನಿಧಾನವಾಗಿ ಕಿಲುಬು ಹಿಡಿಯುತ್ತದೆ. ಇವತ್ತು ಓಡಿತು ಎಂದರೆ ಮುಗಿಯಲಿಲ್ಲ. ಮೊದಲ ಫೋಟೋ ಚೊಕ್ಕ. ಎರಡನೆಯದರಲ್ಲಿ ಹಿಂಬದಿಯ ಆಡಿಯೋ ಜ್ಯಾಕ್ ಬುಡದಲ್ಲಿ ಬಿಳಿ ಪುಡಿ. ಅಷ್ಟರಲ್ಲಿ ಸ್ಪೀಕರ್ ಕರಕರ ಎನ್ನಲು ಶುರುವಾಗಿತ್ತು. ಅಲ್ಲಿ ಕಾಫಿ ಹೋಗಿತ್ತು ಎಂದು ನಮ್ಮ ಮೂರು ಗುಂಪುಗಳ ಲೆಕ್ಕದಲ್ಲಿ ಇರಲೇ ಇಲ್ಲ. ಒಣ ಎಂದು ಬರೆದಿದ್ದೆ. ಐಪಿಎ ಹಾಕಿ ಉಜ್ಜಿದ ಮೇಲೆ ಪುಡಿ ಹೋಯಿತು, ಕರಕರ ಹೋಗಲಿಲ್ಲ. ಈಗ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿಕೊಂಡಿದ್ದಾನೆ. ಅದು ಯಾಕೆ ಬಂತು ಎಂದು ಅಕ್ಕ ಇನ್ನೂ ಕೇಳಿಲ್ಲ.